ಗುಲಾಮನ ಹಣೆಯ ಗುರುತು, ಸಂತರ ಕೈಯ ಗಾಯ



ಸೆಪ್ಟೆಂಬರ್ ತಿಂಗಳು ಬಂತೆಂದರೆ ನಮ್ಮ ಕುಟುಂಬಗಳಲ್ಲಿ ಹಬ್ಬದ ಸಂಭ್ರಮ. 8ರಂದು ಮಾತೆ ಮರಿಯಮ್ಮನವರ ಜನನೋತ್ಸವ. ಕರಾವಳಿಯ ಮನೆಗಳಲ್ಲಿ ಹೊಸ ತೆನೆಯ ಊಟ, ಬೆಂಗಳೂರಿನ ಶಿವಾಜಿನಗರದಲ್ಲಿ ಮಾತೆಯ ತೇರು. ಈ ಸಡಗರದ ಬೆನ್ನಲ್ಲೇ ಧರ್ಮಸಭೆ ನಮ್ಮನ್ನು ಶಿಲುಬೆಯ ಬುಡಕ್ಕೆ ಕರೆದೊಯ್ಯುತ್ತದೆ. 14ರಂದು ಪವಿತ್ರ ಶಿಲುಬೆಯ ವಿಜಯೋತ್ಸವ, 15ರಂದು ವ್ಯಾಕುಲ ಮಾತೆಯ ಸ್ಮರಣೆ, 17ರಂದು ಫ್ರಾನ್ಸಿಸ್ಕನ್ ಕುಟುಂಬದವರು ಆಚರಿಸುವ ಅಸ್ಸಿಸಿಯ ಸಂತ ಫ್ರಾನ್ಸಿಸರ ಪಂಚಗಾಯಗಳ ಹಬ್ಬ, 23ರಂದು ಸಂತ ಪಾದ್ರೆ ಪಿಯೋರವರ ಸ್ಮರಣೆ.

ಕೊನೆಯ ಎರಡು ಹಬ್ಬಗಳ ಸಂದರ್ಭದಲ್ಲಿ ಒಂದು ಪದ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: 'ಸ್ಟಿಗ್ಮಾಟಾ'. ಪ್ರಭು ಯೇಸುವಿನ ಕೈ, ಕಾಲು, ಪಕ್ಕೆಯ ಗಾಯಗಳು ಒಬ್ಬ ಭಕ್ತನ ದೇಹದಲ್ಲಿ ಮೂಡುವುದಕ್ಕೆ ಈ ಹೆಸರು. ನಾವು ಕನ್ನಡದಲ್ಲಿ 'ಪಂಚಗಾಯ' ಎಂದು ಕರೆಯುತ್ತೇವೆ. ಈ ಪದದ ಏಕವಚನ 'ಸ್ಟಿಗ್ಮಾ'. ಅದನ್ನು ನೀವು ದಿನಪತ್ರಿಕೆಯಲ್ಲಿ, ಆಸ್ಪತ್ರೆಯ ಗೋಡೆಯ ಮೇಲಿನ ಫಲಕಗಳಲ್ಲಿ ನೋಡಿರುತ್ತೀರಿ. ಅಲ್ಲಿ ಅದರ ಅರ್ಥ ಕಳಂಕ. ಕುಷ್ಠರೋಗಕ್ಕೆ ಅಂಟಿದ ಕಳಂಕ, ಎಚ್‌ಐವಿ ಸೋಂಕಿಗೆ ಅಂಟಿದ ಕಳಂಕ, ಮಾನಸಿಕ ಕಾಯಿಲೆಗೆ ಅಂಟಿದ ಕಳಂಕ.

ಒಂದೇ ಪದ. ಸಂತರ ಅಂಗೈಯಲ್ಲಿದ್ದರೆ ನಾವು ಮುತ್ತಿಡುತ್ತೇವೆ. ರೋಗಿಯ ಹೆಸರಿನ ಜೊತೆಗಿದ್ದರೆ ದೂರ ಸರಿಯುತ್ತೇವೆ. ಇದು ಹೇಗೆ ಬಂತು? ಈ ಪದದ ಚರಿತ್ರೆಯನ್ನು ತಿಳಿದರೆ ನಮ್ಮ ಸೆಪ್ಟೆಂಬರ್ ತಿಂಗಳ ಭಕ್ತಿಗೆ ಇನ್ನಷ್ಟು ಅರ್ಥ ಬರುತ್ತದೆ ಎಂಬ ನಂಬಿಕೆಯಿಂದ ಈ ಲೇಖನ.

ಸೂಜಿಯ ಮೊನೆಯಿಂದ ಹುಟ್ಟಿದ ಪದ

ಗ್ರೀಕ್ ಭಾಷೆಯಲ್ಲಿ 'ಸ್ಟಿಜೆಯಿನ್' ಎಂಬ ಕ್ರಿಯಾಪದವಿದೆ. ಚೂಪಾದ ಮೊನೆಯಿಂದ ಚುಚ್ಚುವುದು ಎಂದು ಅದರ ಅರ್ಥ. ಹಾಗೆ ಚುಚ್ಚಿದಾಗ ಉಳಿಯುವ ಗುರುತೇ 'ಸ್ಟಿಗ್ಮಾ'. ಬಹುವಚನದಲ್ಲಿ 'ಸ್ಟಿಗ್ಮಾಟಾ'. ಭಾಷಾವಿಜ್ಞಾನಿಗಳು ಈ ಪದದ ಬೇರನ್ನು ನಮ್ಮ ನೆಲದವರೆಗೂ ಹಿಂಬಾಲಿಸಿದ್ದಾರೆ. ಹರಿತವಾಗಿರು ಎಂಬ ಅರ್ಥದ ಸಂಸ್ಕೃತದ 'ತಿಜ್' ಧಾತು ಇದೇ ಬಳಗಕ್ಕೆ ಸೇರಿದ್ದು. ನಾವು ದಿನವೂ ಬಳಸುವ 'ತೀಕ್ಷ್ಣ', 'ತೇಜಸ್ಸು' ಎಂಬ ಮಾತುಗಳು ಈ ಧಾತುವಿನಿಂದಲೇ ಬಂದವು. ಹಾಗಾಗಿ ಸ್ಟಿಗ್ಮಾ ಮತ್ತು ತೇಜಸ್ಸು ದೂರದ ಬಂಧುಗಳು.

ಬಹಳ ಕಾಲ ಸ್ಟಿಗ್ಮಾ ಎಂದರೆ ಕಾದ ಕಬ್ಬಿಣದಿಂದ ಹಾಕಿದ ಬರೆ ಎಂದು ಓದುಗರು ತಿಳಿದಿದ್ದರು. ಆದರೆ ಹಳೆಯ ಗ್ರೀಕ್ ಮತ್ತು ರೋಮನ್ ಬರಹಗಳನ್ನು ಪರಿಶೀಲಿಸಿದ ಇತಿಹಾಸಕಾರ ಸಿ. ಪಿ. ಜೋನ್ಸ್ ಎಂಬುವರು 1987ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಬೇರೆ ಮಾತು ಹೇಳಿದರು. ಮನುಷ್ಯರ ಮೇಲೆ ಹಾಕುತ್ತಿದ್ದ ಸ್ಟಿಗ್ಮಾ ಹೆಚ್ಚಾಗಿ ಸೂಜಿಯಿಂದ ಚುಚ್ಚಿ ಮಸಿ ತುಂಬಿದ ಹಚ್ಚೆ ಎಂಬುದು ಅವರ ವಾದ. ನಮ್ಮ ಹಳ್ಳಿಗಳಲ್ಲಿ ಕೊರವಂಜಿಯರು ಮುಂಗೈಗೆ ಹಾಕುತ್ತಿದ್ದ ಹಚ್ಚೆಯನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. 6ನೇ ಶತಮಾನದ ವೈದ್ಯ ಏಟಿಯಸ್ ತನ್ನ ಗ್ರಂಥದಲ್ಲಿ ಈ ಹಚ್ಚೆಯ ಮಸಿಯನ್ನು ತಯಾರಿಸುವ ಕ್ರಮವನ್ನು ಬರೆದಿದ್ದಾನೆ. ಅದನ್ನು ಅಳಿಸುವ ಔಷಧಿಯನ್ನೂ ಬರೆದಿದ್ದಾನೆ. ಅಳಿಸಿಕೊಳ್ಳಲು ಹಾತೊರೆಯುವ ಜನರು ಆಗಲೂ ಇದ್ದರು ಎಂಬುದಕ್ಕೆ ಇದೇ ಸಾಕ್ಷಿ.

ಒಡೆಯನ ಗುರುತು

ನಮ್ಮ ಅಜ್ಜಿಯರು ಅಲಂಕಾರಕ್ಕೆ, ಗಂಡನ ಹೆಸರಿನ ಪ್ರೀತಿಗೆ ಹಚ್ಚೆ ಹಾಕಿಸಿಕೊಂಡರು. ಗ್ರೀಕರಿಗೆ ಹಾಗಲ್ಲ. ಅವರ ನಾಡಿನಲ್ಲಿ ಹಚ್ಚೆ ಬೀಳುತ್ತಿದ್ದುದು ಓಡಿಹೋಗಿ ಸಿಕ್ಕಿಬಿದ್ದ ಗುಲಾಮನಿಗೆ, ಸೆರೆಯಾಳಿಗೆ, ಅಪರಾಧಿಗೆ. ತತ್ತ್ವಜ್ಞಾನಿ ಪ್ಲೇಟೋ ತನ್ನ ಕಾನೂನುಗಳ ಗ್ರಂಥದಲ್ಲಿ, ದೇವಾಲಯವನ್ನು ದೋಚಿದವನು ಗುಲಾಮ ಅಥವಾ ಪರದೇಶಿಯಾಗಿದ್ದರೆ ಅವನ ಅಪರಾಧವನ್ನು ಮುಖದ ಮೇಲೆಯೂ ಕೈಗಳ ಮೇಲೆಯೂ ಬರೆಯಬೇಕೆಂದು ಸೂಚಿಸುತ್ತಾನೆ. ಕ್ರಿಸ್ತಪೂರ್ವ 480ರಲ್ಲಿ ಪರ್ಶಿಯದ ಚಕ್ರವರ್ತಿ ಕ್ಸೆರ್ಕ್ಸಿಸ್ ಗ್ರೀಸ್ ಮೇಲೆ ದಂಡೆತ್ತಿ ಬಂದಾಗ, ಶರಣಾದ ಥೀಬ್ಸ್ ಸೈನಿಕರಿಗೆ ರಾಜಮುದ್ರೆಯ ಗುರುತು ಹಾಕಿಸಿದನೆಂದು ಇತಿಹಾಸಕಾರ ಹೆರೊಡೋಟಸ್ ಬರೆಯುತ್ತಾನೆ. ಎಸ್ತೇರಳ ಗ್ರಂಥದಲ್ಲಿ ನಾವು ಓದುವ ಅಹಷ್ವೇರೋಷ ರಾಜನು ಈತನೇ ಎಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ.

ಇಸ್ರಯೇಲರಿಗೆ ದೇವರು ಕೊಟ್ಟ ನಿಯಮದಲ್ಲಿ ದೇಹಕ್ಕೆ ಹಚ್ಚೆ ಹಾಕುವುದು ನಿಷಿದ್ಧ. ಯಾಜಕಕಾಂಡದ 19ನೇ ಅಧ್ಯಾಯದ ಈ ಆಜ್ಞೆಯನ್ನು ಗ್ರೀಕ್ ಭಾಷೆಗೆ ತಂದ ಯೆಹೂದ್ಯ ಭಾಷಾಂತರಕಾರರು ಬಳಸಿದ್ದು ಇದೇ ಸ್ಟಿಜೆಯಿನ್ ಬಳಗದ ಪದವನ್ನು. ಈಜಿಪ್ಟಿನ ಗುಲಾಮಗಿರಿಯಿಂದ ದೇವರು ಬಿಡಿಸಿ ತಂದ ಜನರ ಮೈಮೇಲೆ ಮತ್ತೊಬ್ಬ ಒಡೆಯನ ಗುರುತು ಬೀಳಬಾರದಲ್ಲವೇ?

ಆದರೆ ಹೆರೊಡೋಟಸ್ ಇನ್ನೊಂದು ಸಂಗತಿಯನ್ನೂ ಹೇಳುತ್ತಾನೆ. ಈಜಿಪ್ಟಿನಲ್ಲಿ ನೈಲ್ ನದಿಯ ಒಂದು ಮುಖದ ಬಳಿ ಒಂದು ದೇವಾಲಯವಿತ್ತು. ಯಾವನೇ ಗುಲಾಮನು ಅಲ್ಲಿಗೆ ಓಡಿಬಂದು, ಪವಿತ್ರ ಸ್ಟಿಗ್ಮಾಟಾ ಹಾಕಿಸಿಕೊಂಡು ತನ್ನನ್ನು ದೇವರಿಗೆ ಒಪ್ಪಿಸಿಕೊಂಡರೆ, ಅವನ ಹಳೆಯ ಒಡೆಯನು ಅವನನ್ನು ಮುಟ್ಟುವಂತಿರಲಿಲ್ಲ. ದೇವರ ಗುರುತು ಬಿದ್ದವನ ಮೇಲೆ ಮನುಷ್ಯರ ಹಕ್ಕು ನಡೆಯದು. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

ಮನುಷ್ಯರ ಹಣೆಯ ಮೇಲೆ ಬರೆಯುವ ಈ ಪದ್ಧತಿ ಹಳೆಯ ಗ್ರೀಕರ ಕಾಲಕ್ಕೇ ಮುಗಿಯಲಿಲ್ಲ. ನಮ್ಮ ದೇಶದಲ್ಲಿಯೇ ಈಸ್ಟ್ ಇಂಡಿಯಾ ಕಂಪನಿಯ ಆಡಳಿತವು ಬಂಗಾಳದಲ್ಲಿ 1797ರ ಕಾಯಿದೆಯ ಮೂಲಕ ಜೀವಾವಧಿ ಕೈದಿಗಳ ಹಣೆಯ ಮೇಲೆ ಅವರ ಹೆಸರು, ಅಪರಾಧ, ಶಿಕ್ಷೆಯ ವಿವರಗಳನ್ನು ಹಚ್ಚೆಯಾಗಿ ಬರೆಸುತ್ತಿತ್ತು. 'ಗೋದ್ನಾ' ಎಂಬ ಹೆಸರಿನ ಈ ಶಿಕ್ಷೆ ರದ್ದಾದದ್ದು 1849ರಲ್ಲಿ. ನಾವು ಹಣೆಬರಹ ಎಂಬ ಮಾತನ್ನು ವಿಧಿಯ ಅರ್ಥದಲ್ಲಿ ಆಡುತ್ತೇವೆ. ಆ ಬಡಪಾಯಿಗಳಿಗೆ ಮನುಷ್ಯರೇ ಹಣೆಬರಹ ಬರೆದರು.

ಪೌಲರು ಎತ್ತಿಕೊಂಡ ಪದ

ಹೀಗೆ ಅವಮಾನದಲ್ಲಿ ಅದ್ದಿದ್ದ ಪದವನ್ನು ಪ್ರೇಷಿತ ಸಂತ ಪೌಲರು ಕೈಗೆತ್ತಿಕೊಂಡರು. ಗಲಾತ್ಯರಿಗೆ ಬರೆದ ಪತ್ರದ 6ನೇ ಅಧ್ಯಾಯದ 17ನೇ ವಚನವನ್ನು ನಿಮ್ಮ ಮನೆಯ ಬೈಬಲ್ ತೆರೆದು ಓದಿರಿ. ಇನ್ನು ಮುಂದೆ ಯಾರೂ ತಮಗೆ ತೊಂದರೆ ಕೊಡದಿರಲಿ, ಏಕೆಂದರೆ ತಮ್ಮ ದೇಹದಲ್ಲಿ ಯೇಸುವಿನ ಗುರುತುಗಳಿವೆ ಎಂದು ಅವರು ಬರೆಯುತ್ತಾರೆ. ಗ್ರೀಕ್ ಮೂಲದಲ್ಲಿ ಅಲ್ಲಿರುವ ಪದ 'ಸ್ಟಿಗ್ಮಾಟಾ'. ಇಡೀ ಹೊಸ ಒಡಂಬಡಿಕೆಯಲ್ಲಿ ಈ ಪದ ಬರುವುದು ಇದೊಂದೇ ಕಡೆ.

ಗಲಾತ್ಯದ ಸಭೆಯಲ್ಲಿ ಆಗ ಎದ್ದಿದ್ದ ಜಗಳವೂ ದೇಹದ ಒಂದು ಗುರುತಿನ ಕುರಿತೇ ಆಗಿತ್ತು. ಸುನ್ನತಿ ಮಾಡಿಸಿಕೊಳ್ಳದವನು ನಿಜವಾದ ಕ್ರೈಸ್ತನಲ್ಲ ಎಂದು ಕೆಲವರು ಬೋಧಿಸುತ್ತಿದ್ದರು. ಹೆಮ್ಮೆಪಡಬೇಕಾದ ಗುರುತು ಅದಲ್ಲ, ಕ್ರಿಸ್ತರ ಶಿಲುಬೆ ಎಂಬುದು ಪೌಲರ ಉತ್ತರ. ಅವರ ಗುರುತುಗಳಾದರೂ ಯಾವುವು? ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 11ನೇ ಅಧ್ಯಾಯದಲ್ಲಿ ಅವರೇ ಪಟ್ಟಿ ಕೊಡುತ್ತಾರೆ. ಐದು ಸಾರಿ ತಲಾ 39 ಛಡಿ ಏಟು, ಅಂದರೆ ಒಟ್ಟು 195. ಮೂರು ಸಾರಿ ದೊಣ್ಣೆಯ ಹೊಡೆತ. ಒಂದು ಸಾರಿ ಕಲ್ಲೆಸೆತ. ಆ ಕಲ್ಲೆಸೆತ ನಡೆದದ್ದು ಲುಸ್ತ್ರ ಪಟ್ಟಣದಲ್ಲಿ ಎಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ಜನರು ಅವರನ್ನು ಸತ್ತರೆಂದು ತಿಳಿದು ಊರ ಹೊರಗೆ ಎಳೆದು ಹಾಕಿದ್ದರು. ಲುಸ್ತ್ರ ಇದ್ದುದು ರೋಮನ್ನರ ಗಲಾತ್ಯ ಪ್ರಾಂತ್ಯದಲ್ಲಿ.

ಪೌಲರು ತಮ್ಮನ್ನು ಕ್ರಿಸ್ತೇಸುವಿನ ದಾಸ ಎಂದು ಕರೆದುಕೊಂಡವರು. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಗುಲಾಮ ಎಂದೇ ಅರ್ಥ. ಗುಲಾಮನ ಮೈಮೇಲೆ ಒಡೆಯನ ಗುರುತಿರಬೇಕು. 'ನನ್ನ ಒಡೆಯ ಯಾರೆಂದು ನನ್ನ ಬೆನ್ನು ನೋಡಿ ತಿಳಿಯಿರಿ' ಎಂಬ ಧಾಟಿ ಅವರದು. ಈಗ ಆ ಈಜಿಪ್ಟಿನ ದೇವಾಲಯವನ್ನು ನೆನಪಿಸಿಕೊಳ್ಳಿ. ದೇವರ ಗುರುತು ಹೊತ್ತವನನ್ನು ಯಾರೂ ಮುಟ್ಟುವಂತಿಲ್ಲ. ಯಾರೂ ತಮಗೆ ತೊಂದರೆ ಕೊಡದಿರಲಿ ಎಂಬ ಪೌಲರ ಮಾತಿನ ಹಿಂದೆ ಆ ಕಾಲದವರಿಗೆ ಗೊತ್ತಿದ್ದ ಈ ಅರ್ಥವೂ ಅಡಗಿದೆ. ಜಗತ್ತು ಅವಮಾನಕ್ಕೆಂದು ಕೊಟ್ಟ ಗಾಯಗಳು ಅವರಿಗೆ ರಕ್ಷಣೆಯ ಮುದ್ರೆಗಳಾದವು.

ಬೈಬಲ್ಲನ್ನು ಲತೀನ್ ಭಾಷೆಗೆ ತಂದಾಗ ಈ ಪದವನ್ನು ಅನುವಾದಿಸದೆ ಹಾಗೆಯೇ ಉಳಿಸಲಾಯಿತು. ಹೀಗೆ ಸ್ಟಿಗ್ಮಾಟಾ ಎಂಬುದು ಧರ್ಮಸಭೆಯ ಮಾತಾಯಿತು.

ಹಣೆಯ ಮೇಲಿನ ಎರಡನೆಯ ಬರಹ

ಆದಿ ಕ್ರೈಸ್ತರ ಪಾಲಿಗೆ ಈ ಪದ ಬರಿಯ ಹೋಲಿಕೆಯಾಗಿ ಉಳಿಯಲಿಲ್ಲ. ರೋಮನ್ ಚಕ್ರವರ್ತಿಗಳ ಹಿಂಸೆಯ ಕಾಲದಲ್ಲಿ ವಿಶ್ವಾಸವನ್ನು ಬಿಡದವರನ್ನು ಗಣಿಗಳಿಗೆ ತಳ್ಳುತ್ತಿದ್ದರು. ಗಣಿಯ ಕೈದಿಗೆ ಹಣೆಯ ಮೇಲೆ ಹಚ್ಚೆ. 258ರಲ್ಲಿ ರಕ್ತಸಾಕ್ಷಿಯಾದ ಕಾರ್ಥೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯನ್ನರ ಜೀವನ ಚರಿತ್ರೆಯಲ್ಲಿ ಇಂಥ ವಿಶ್ವಾಸಿಗಳ ಪ್ರಸ್ತಾಪವಿದೆ. ಅವರ ಹಣೆಯ ಮೇಲೆ ಬಿದ್ದದ್ದು ಎರಡನೆಯ ಬರಹ ಎಂದು ಗ್ರಂಥಕರ್ತ ಪೋಂಟಿಯಸ್ ಬಣ್ಣಿಸುತ್ತಾನೆ. ಮೊದಲನೆಯದು ಯಾವುದು? ಕ್ರಿಸ್ತರಿಗೆ ಸೇರಿದವರೆಂದು ಹಣೆಗೆ ಹಾಕಿದ ಶಿಲುಬೆಯ ಗುರುತು. ಚಕ್ರವರ್ತಿಯ ಹಚ್ಚೆಗಾರ ತಡವಾಗಿ ಬಂದಿದ್ದ. ಆ ಹಣೆ ಆಗಲೇ ಬೇರೊಬ್ಬರಿಗೆ ಸೇರಿಹೋಗಿತ್ತು.

316ರ ಸುಮಾರಿಗೆ ಚಕ್ರವರ್ತಿ ಕಾನ್‌ಸ್ಟಂಟೈನ್ ಒಂದು ಕಾನೂನು ಹೊರಡಿಸಿದನು. ಮನುಷ್ಯನ ಮುಖವು ಸ್ವರ್ಗೀಯ ಸೌಂದರ್ಯದ ಹೋಲಿಕೆಯಲ್ಲಿ ರೂಪುಗೊಂಡಿದೆ, ಆದ್ದರಿಂದ ಶಿಕ್ಷೆಗೊಳಗಾದವರ ಮುಖಕ್ಕೆ ಗುರುತು ಹಾಕಬಾರದು ಎಂದು ಅದರ ಸಾರ. ಕೈಗೂ ಮೀನಖಂಡಕ್ಕೂ ಗುರುತು ಹಾಕಲು ಅನುಮತಿ ಉಳಿಯಿತು. ಅರ್ಧ ಕರುಣೆಯೇ ಸರಿ. ಆದರೂ ಅಪರಾಧಿಯ ಮುಖದಲ್ಲಿಯೂ ದೇವರ ಹೋಲಿಕೆಯಿದೆ ಎಂದು ಒಂದು ಸಾಮ್ರಾಜ್ಯದ ಕಾನೂನು ಒಪ್ಪಿಕೊಂಡದ್ದು ಸಣ್ಣ ಮಾತಲ್ಲ.

ಸಂತ ಅಗಸ್ಟೀನರು ರೋಮನ್ ಸೈನಿಕರ ಮೈಮೇಲಿನ ಗುರುತನ್ನು ಹೋಲಿಕೆಯಾಗಿ ತೆಗೆದುಕೊಂಡು ಜ್ಞಾನಸ್ನಾನವನ್ನು ವಿವರಿಸಿದರು. ಸೈನ್ಯ ಬಿಟ್ಟು ಓಡಿಹೋದವನು ಹಿಂದಿರುಗಿ ಬಂದರೆ ಅವನಿಗೆ ಮತ್ತೆ ಗುರುತು ಹಾಕುವುದಿಲ್ಲ. ಹಳೆಯದನ್ನೇ ಗುರುತಿಸಿ ಸೇರಿಸಿಕೊಳ್ಳುತ್ತಾರೆ. ಜ್ಞಾನಸ್ನಾನ, ದೃಢೀಕರಣ ಮತ್ತು ಯಾಜಕದೀಕ್ಷೆಗಳನ್ನು ಒಮ್ಮೆ ಮಾತ್ರ ಕೊಡುವುದು ಇದೇ ಕಾರಣಕ್ಕೆ. ಅವು ಆತ್ಮದಲ್ಲಿ ಅಚ್ಚಳಿಯದ ಮುದ್ರೆಯನ್ನು ಒತ್ತುತ್ತವೆ ಎಂದು 1547ರಲ್ಲಿ ಟ್ರೆಂಟ್ ಮಹಾಸಭೆ ಸ್ಪಷ್ಟಪಡಿಸಿತು.

ಅಲ್ವೆರ್ನಾ ಬೆಟ್ಟದಲ್ಲಿ

ಪೌಲರ ನಂತರ ಸಾವಿರಕ್ಕೂ ಹೆಚ್ಚು ವರ್ಷ ಈ ಪದಕ್ಕೆ ಅಷ್ಟೇ ಅರ್ಥವಿತ್ತು. 1224ರಲ್ಲಿ ಅದಕ್ಕೆ ಹೊಸ ಅರ್ಥ ಕೂಡಿಕೊಂಡಿತು. ಇಟಲಿಯ ಅಲ್ವೆರ್ನಾ ಬೆಟ್ಟದಲ್ಲಿ ಸಂತ ಫ್ರಾನ್ಸಿಸರು ಮಾತೆಯ ಸ್ವರ್ಗಾರೋಹಣದ ಹಬ್ಬದಿಂದ ಸಂತ ಮಿಕಾಯೇಲರ ಹಬ್ಬದವರೆಗೆ ಉಪವಾಸ ಪ್ರಾರ್ಥನೆಯಲ್ಲಿದ್ದರು. ಪವಿತ್ರ ಶಿಲುಬೆಯ ಹಬ್ಬದ ಆಸುಪಾಸಿನಲ್ಲಿ, ಆರು ರೆಕ್ಕೆಗಳ ನಡುವೆ ಶಿಲುಬೆಗೇರಿಸಿದ ಒಬ್ಬ ವ್ಯಕ್ತಿಯ ದರ್ಶನ ಅವರಿಗಾಯಿತು. ಬಳಿಕ ಅವರ ಕೈಕಾಲುಗಳಲ್ಲಿ ಮೊಳೆಗಳ ಗುರುತೂ ಪಕ್ಕೆಯಲ್ಲಿ ಗಾಯವೂ ಕಾಣಿಸಿಕೊಂಡವು.

ಫ್ರಾನ್ಸಿಸರು ಈ ಗಾಯಗಳನ್ನು ಯಾರಿಗೂ ತೋರಿಸಲಿಲ್ಲ. ಮುಚ್ಚಿಟ್ಟುಕೊಂಡರು. 1226ರ ಅಕ್ಟೋಬರ್ 3ರ ಸಂಜೆ ಅವರು ನಿಧನರಾದ ಬಳಿಕವೇ ಸೋದರ ಎಲಿಯಾಸರು ಪತ್ರ ಬರೆದು ಸಭೆಯ ಎಲ್ಲ ಸೋದರರಿಗೆ ಇದನ್ನು ತಿಳಿಸಿದರು. ಬೆಟ್ಟದಲ್ಲಿ ಜೊತೆಗಿದ್ದ ಸೋದರ ಲಿಯೋಗೆ ಫ್ರಾನ್ಸಿಸರು ಸ್ವಹಸ್ತದಿಂದ ಬರೆದುಕೊಟ್ಟ ಚರ್ಮದ ಹಾಳೆ ಇಂದಿಗೂ ಅಸ್ಸಿಸಿಯಲ್ಲಿದೆ. ಅದರ ಮೇಲೆ ಲಿಯೋರವರು ಕೆಂಪು ಶಾಯಿಯಲ್ಲಿ ಈ ಘಟನೆಯ ಕುರಿತು ಟಿಪ್ಪಣಿ ಬರೆದಿದ್ದಾರೆ. 1304ರಲ್ಲಿ ಜಗದ್ಗುರು 11ನೇ ಬೆನೆಡಿಕ್ಟರು ಫ್ರಾನ್ಸಿಸ್ಕನ್ನರಿಗೆ ಈ ಹಬ್ಬವನ್ನು ಅನುಮತಿಸಿದರು. 2024ರಲ್ಲಿ ಆ ಘಟನೆಗೆ 800 ವರ್ಷಗಳು ತುಂಬಿದವು. ಕಪುಚಿನ್ ಗುರುಗಳ ಆಶ್ರಮಗಳಲ್ಲಿ ಎರಡು ಕೈಗಳು ಅಡ್ಡಲಾಗಿ ಸೇರಿದ ಚಿಹ್ನೆಯನ್ನು ನೀವು ನೋಡಿರಬಹುದು. ಒಂದು ಯೇಸುವಿನ ಬರಿಗೈ, ಇನ್ನೊಂದು ನಿಲುವಂಗಿ ತೊಟ್ಟ ಫ್ರಾನ್ಸಿಸರ ಕೈ. ಎರಡರಲ್ಲಿಯೂ ಅದೇ ಗಾಯ.

ಮುಂದೆ ಸಿಯೆನ್ನಾದ ಸಂತ ಕ್ಯಾಥರೀನರು 1375ರಲ್ಲಿ ಪಂಚಗಾಯಗಳನ್ನು ಪಡೆದರೂ ಅವು ಹೊರಗೆ ಕಾಣದಂತಿರಲೆಂದು ಬೇಡಿಕೊಂಡರು. ಕಪುಚಿನ್ ಯಾಜಕ ಪಾದ್ರೆ ಪಿಯೋರವರ ಗಾಯಗಳು 1918ರ ಸೆಪ್ಟೆಂಬರ್ 20ರಂದು ಮೂಡಿ 50 ವರ್ಷ ಉಳಿದವು. ಧರ್ಮಸಭೆ ಇಂಥ ವಿಷಯಗಳಲ್ಲಿ ಅವಸರಪಡುವುದಿಲ್ಲ. 1923ರಲ್ಲಿ ರೋಮಿನ ಅಧಿಕಾರಿಗಳು ಪಾದ್ರೆ ಪಿಯೋರವರ ವಿಷಯದಲ್ಲಿ ದೈವಿಕ ಕಾರಣ ಸಿದ್ಧಪಟ್ಟಿಲ್ಲವೆಂದರು. 1931ರಿಂದ 1933ರವರೆಗೆ ಅವರು ಸಾರ್ವಜನಿಕವಾಗಿ ಬಲಿಪೂಜೆ ಅರ್ಪಿಸುವಂತಿರಲಿಲ್ಲ. ಅವರು ವಿಧೇಯರಾಗಿ ನಡೆದುಕೊಂಡರು. 2002ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಅವರನ್ನು ಸಂತರೆಂದು ಘೋಷಿಸಿದರು. ಗಾಯಗಳಿದ್ದ ಮಾತ್ರಕ್ಕೆ ಯಾರೂ ಸಂತರಾಗುವುದಿಲ್ಲ. ಸಭೆ ನೋಡುವುದು ಜೀವನವನ್ನು.

ಹಾಗಾದರೆ ಫ್ರಾನ್ಸಿಸರ ಜೀವನದಲ್ಲಿ ಈ ಗಾಯಗಳಿಗೆ ಮೊದಲು ಏನಿತ್ತು? ಅವರೇ ತಮ್ಮ ಕೊನೆಯ ದಿನಗಳ ಮರಣಶಾಸನದಲ್ಲಿ ಹೇಳಿದ್ದಾರೆ. ಕುಷ್ಠರೋಗಿಗಳನ್ನು ನೋಡುವುದೇ ಒಂದು ಕಾಲದಲ್ಲಿ ಅವರಿಗೆ ಕಹಿಯಾಗಿತ್ತು. ಪ್ರಭುವೇ ಅವರನ್ನು ಆ ರೋಗಿಗಳ ನಡುವೆ ಕರೆದೊಯ್ದರು. ಕಹಿಯಾಗಿದ್ದದ್ದು ಸಿಹಿಯಾಯಿತು. ಅವರ ಮನಪರಿವರ್ತನೆ ಆರಂಭವಾದದ್ದು ಅಲ್ಲಿ. ಮೊದಲು ಅವರು ಕಳಂಕ ಹೊತ್ತವರ ಕೈ ಹಿಡಿದರು. ಸುಮಾರು ಇಪ್ಪತ್ತು ವರ್ಷಗಳ ನಂತರ ಅದೇ ಕೈಯಲ್ಲಿ ಪ್ರಭುವಿನ ಗಾಯ ಮೂಡಿತು. ಸ್ಟಿಗ್ಮಾ ಪದದ ಎರಡು ಅರ್ಥಗಳೂ ಈ ಒಬ್ಬ ಮನುಷ್ಯನ ಅಂಗೈಯಲ್ಲಿ ಕೂಡಿದವು.

ನಾವು ಹಾಕುವ ಗುರುತುಗಳು

ಸ್ನೇಹಿತರೇ, ಹಚ್ಚೆಯ ಸೂಜಿ ಈಗ ಯಾವ ನ್ಯಾಯಾಲಯದಲ್ಲೂ ಇಲ್ಲ. ಆದರೆ ಗುರುತು ಹಾಕುವ ಅಭ್ಯಾಸ ನಮ್ಮನ್ನು ಬಿಟ್ಟಿಲ್ಲ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲಿ ಈ ಹೆಸರಿನಲ್ಲೇ ಪುಸ್ತಕ ಬರೆದು, ಒಬ್ಬನಲ್ಲಿರುವ ಒಂದೇ ಒಂದು ಗುರುತನ್ನು ಹಿಡಿದು ಸಮಾಜವು ಇಡೀ ಮನುಷ್ಯನನ್ನು ಹೇಗೆ ಕೀಳಾಗಿ ಕಾಣುತ್ತದೆ ಎಂದು ವಿವರಿಸಿದರು.

ಕುಷ್ಠರೋಗವನ್ನೇ ತೆಗೆದುಕೊಳ್ಳಿ. ಅದು ಪಾಪದ ಫಲವಲ್ಲ, ರೋಗಾಣುವಿನಿಂದ ಬರುವ ಕಾಯಿಲೆ ಎಂದು ನಾರ್ವೆಯ ವೈದ್ಯ ಹ್ಯಾನ್ಸೆನ್ 1873ರಲ್ಲಿ ಕಂಡುಹಿಡಿದರು. 1980ರ ದಶಕದಿಂದ ಬಹುಔಷಧ ಚಿಕಿತ್ಸೆಯಿಂದ ಅದು ಪೂರ್ತಿ ಗುಣವಾಗುತ್ತಿದೆ. ನಮ್ಮ ನಾಡಿನಲ್ಲಿ ಜರ್ಮನಿಯ ಯೇಸುಸಭೆಯ ಯಾಜಕ ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಔಷಧಾಲಯ ತೆರೆದು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮ ಕಟ್ಟಿದರು. ಬೆಂಗಳೂರಿನ ಸುಮನಹಳ್ಳಿಯ ಸೇವೆಯನ್ನು ನೀವು ಬಲ್ಲಿರಿ. ಆದರೂ ನೋಡಿ: ಸಂಗಾತಿಗೆ ಕುಷ್ಠರೋಗವಿದೆ ಎಂಬುದೇ ವಿಚ್ಛೇದನಕ್ಕೆ ಕಾರಣವಾಗಬಹುದೆಂಬ ಮಾತು ನಮ್ಮ ದೇಶದ ಹಲವು ವೈಯಕ್ತಿಕ ಕಾನೂನುಗಳಲ್ಲಿ 2019ರವರೆಗೂ ಉಳಿದಿತ್ತು. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯಿದೆಯೂ ಅವುಗಳಲ್ಲಿ ಒಂದು. ಔಷಧಿ ರೋಗಾಣುವನ್ನು ಕೊಂದು ದಶಕಗಳಾದರೂ ಗುರುತು ಕಾಗದದ ಮೇಲೆ ಹಾಗೆಯೇ ಇತ್ತು. 2019ರಲ್ಲಿ ಸಂಸತ್ತು ಅದನ್ನು ತೆಗೆದುಹಾಕಿತು.

ಕಾನೂನಿನಿಂದ ತೆಗೆದದ್ದು ಮನಸ್ಸಿನಿಂದ ಹೋಯಿತೇ? ಮದುವೆಯ ಮಾತುಕತೆ ನಡೆಯುವಾಗ ಆ ಮನೆಯಲ್ಲಿ ಯಾರಿಗೋ ಕಾಯಿಲೆಯಿತ್ತಂತೆ ಎಂದು ಪಿಸುಗುಡುವವರು ನಮ್ಮ ಧರ್ಮಕೇಂದ್ರಗಳಲ್ಲೇ ಇಲ್ಲವೇ? ಒಮ್ಮೆ ಜೈಲಿಗೆ ಹೋಗಿ ಬಂದವನು, ಕುಡಿತ ಬಿಟ್ಟು ಹತ್ತು ವರ್ಷವಾದವನು, ಗಂಡ ಬಿಟ್ಟುಹೋದ ಹೆಣ್ಣುಮಗಳು, ಆತ್ಮಹತ್ಯೆಯ ದುಃಖ ಕಂಡ ಕುಟುಂಬ: ಇವರ ಹಣೆಯ ಮೇಲೆ ನಾವು ಮಾತಿನ ಸೂಜಿಯಿಂದ ಎಷ್ಟೋ ಬರೆದಿದ್ದೇವೆ. ಗಾಯ ಮಾಗಿದರೂ ಕಲೆ ಮಾಸುವುದಿಲ್ಲ. ಬಲಿಪೂಜೆಯಲ್ಲಿ ಅವರು ಕೊನೆಯ ಸಾಲಿನಲ್ಲಿ ಕೂರುವುದು ಏಕೆಂದು ನಾವು ಕೇಳಿಕೊಂಡಿಲ್ಲ. ಪಾದ್ರೆ ಪಿಯೋರವರ ಚಿತ್ರಕ್ಕೆ ಹೂಮಾಲೆ ಹಾಕುವ ಅದೇ ಕೈ ನೆರೆಮನೆಯವರ ಹಣೆಗೆ ಗುರುತು ಹಾಕಿದರೆ, ನಾವು ಪೌಲರ ಸ್ಟಿಗ್ಮಾಟಾ ಬಿಟ್ಟು ಕ್ಸೆರ್ಕ್ಸಿಸನದನ್ನು ಆರಿಸಿಕೊಂಡಂತೆ.

ಜ್ಞಾನಸ್ನಾನದ ದಿನ ಯಾಜಕರೂ ತಂದೆತಾಯಿಗಳೂ ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕುತ್ತಾರೆ. ಕಾರ್ಥೇಜಿನ ಕೈದಿಗಳ ಹಣೆಯ ಮೇಲಿದ್ದ ಮೊದಲನೆಯ ಬರಹ ಅದೇ. ನಾವು ಯಾರನ್ನು ಬೆರಳಿಟ್ಟು ತೋರಿಸುತ್ತೇವೆಯೋ ಅವರ ಹಣೆಯ ಮೇಲೆಯೂ ಅದಿದೆ. ನಮ್ಮ ಬರಹ ಯಾವಾಗಲೂ ಎರಡನೆಯದು.

ಈ ತಿಂಗಳು ಪ್ರತಿ ಕುಟುಂಬವೂ ಒಂದು ಕೆಲಸ ಮಾಡಬಹುದು. ಸಂಜೆಯ ಜಪಸರದ ನಂತರ, ನಮ್ಮ ಊರಿನಲ್ಲಿ ಹೀಗೆ ಗುರುತು ಹೊತ್ತು ಒಂಟಿಯಾಗಿರುವ ಒಬ್ಬರನ್ನು ನೆನೆದು ಪ್ರಾರ್ಥಿಸಿ, ಭಾನುವಾರ ಅವರ ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬನ್ನಿ. ಅವರ ಮನೆಯ ಲೋಟದಲ್ಲಿ. ಫ್ರಾನ್ಸಿಸರ ದಾರಿ ಶುರುವಾದದ್ದು ಹೀಗೆಯೇ.

ಪ್ರವಾದಿ ಯೆಶಾಯನ ಗ್ರಂಥದ 49ನೇ ಅಧ್ಯಾಯದಲ್ಲಿ ದೇವರು ತಮ್ಮ ಜನರನ್ನು ತಮ್ಮ ಅಂಗೈಯಲ್ಲೇ ಕೆತ್ತಿಕೊಂಡಿರುವುದಾಗಿ ಹೇಳುತ್ತಾರೆ. ಲೋಕದಲ್ಲಿ ಒಡೆಯನು ಗುಲಾಮನ ಮೈಮೇಲೆ ತನ್ನ ಹೆಸರು ಬರೆಸುತ್ತಾನೆ. ನಮ್ಮ ದೇವರು ನಮ್ಮ ಹೆಸರನ್ನು ತಮ್ಮ ಕೈಯ ಮೇಲೆ ಬರೆದುಕೊಂಡರು. ಪುನರುತ್ಥಾನದ ನಂತರ ಸಂತ ತೋಮಾಸರಿಗೆ ಪ್ರಭು ತೋರಿಸಿದ್ದು ಆ ಕೈಗಳನ್ನೇ. ಮಹಿಮೆಯ ದೇಹದಲ್ಲಿಯೂ ಗಾಯಗಳು ಅಳಿದಿರಲಿಲ್ಲ. ಅವಮಾನದ ಗುರುತು ತೇಜಸ್ಸಿನ ಗುರುತಾಗಿತ್ತು. ಆ ಕೈಗಳನ್ನು ನೋಡಿ ನಂಬಿದ ನಾವು, ಗುರುತು ಹೊತ್ತ ಪ್ರತಿಯೊಬ್ಬ ಸೋದರ ಸೋದರಿಯಲ್ಲಿ ಅವುಗಳನ್ನೇ ಕಾಣುವಂತೆ ಪ್ರಭು ನಮ್ಮೆಲ್ಲರಿಗೂ ಕೃಪೆ ನೀಡಲಿ.